ಪಾಠ ಯೋಜನೆ: ಕೊನೆಯ ಕಾಲಂ ಮೊದಲು ತುಂಬಿ

ಪಾಠ ಯೋಜನೆ ಬರೆಯಲು ಕೂತರೆ ನಾವು ಮೊದಲು ತೆರೆಯುವುದು ಪಠ್ಯಪುಸ್ತಕ. ಎಷ್ಟು ಪುಟ, ಎಷ್ಟು ಪಿರಿಯಡ್, ಯಾವ ಚಾರ್ಟ್, ಯಾವ ಆಟ ಎಂದೆಲ್ಲ ಬರೆದ ಮೇಲೆ ‘ಮೌಲ್ಯಮಾಪನ’ ಕಾಲಂಗೆ ಎರಡು ಪ್ರಶ್ನೆ ಹಾಕಿ ಸಹಿಗೆ ಕಳಿಸುತ್ತೇವೆ. ಬ್ಯಾಕ್‌ವರ್ಡ್ ಡಿಸೈನ್, ಅಂದರೆ ಕೊನೆಯಿಂದ ಶುರುಮಾಡಿ ಪಾಠ ಯೋಜಿಸುವ ಕ್ರಮದಲ್ಲಿ, ಚಟುವಟಿಕೆಗಿಂತ ಮೊದಲು ಆ ಕಾಲಂಗೇ ಮರ್ಯಾದೆ. ಅಮೆರಿಕದ ಗ್ರ್ಯಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರಲ್ಲಿ ತಂದ ಪುಸ್ತಕದಿಂದ ಹೆಸರಾದ ಕ್ರಮ ಇದು. ಮೊದಲು ಗುರಿ, ಆಮೇಲೆ ಮಗು ಕಲಿತಿದೆ ಎಂಬುದಕ್ಕೆ ಪುರಾವೆ, ಕೊನೆಗೆ ಪಾಠ. ಸುತ್ತಳತೆ ಮತ್ತು ವಿಸ್ತೀರ್ಣದ ಪಾಠಕ್ಕೆ ನಾನು ಇದನ್ನು ಹೀಗೆ ಬಳಸುತ್ತೇನೆ.

ಮೊದಲು ಗುರಿ ಬರೆಯಿರಿ

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್‌ಸಿಇಆರ್‌ಟಿ) 2017ರಲ್ಲಿ ಪ್ರಕಟಿಸಿದ ಕಲಿಕಾ ಫಲಗಳು, ಅಂದರೆ ಮಗು ಏನು ಕಲಿತಿರಬೇಕು ಎಂಬ ಪಟ್ಟಿಗಳು, ತರಗತಿವಾರು ಸಿಗುತ್ತವೆ. ಅವನ್ನು ಓದಿ, ಆದರೆ ಸುಮ್ನೆ ನಕಲು ಮಾಡಬೇಡಿ. ‘ಮಕ್ಕಳು ವಿಸ್ತೀರ್ಣ ತಿಳಿಯುವರು’ ಎಂದು ಬರೆದರೆ ತಿಳಿದರೋ ಇಲ್ಲವೋ ಎಂದು ನೋಡುವುದು ಹೇಗೆ? ನಾನು ಬರೆದುಕೊಳ್ಳುವುದು ಇಷ್ಟು: ‘ಸುತ್ತಳತೆ ಒಂದೇ ಇದ್ದರೂ ವಿಸ್ತೀರ್ಣ ಬೇರೆ ಆಗಬಹುದು ಎಂದು ಮಗು ಉದಾಹರಣೆ ಕೊಟ್ಟು ಹೇಳಬೇಕು.’

ಆಮೇಲೆ ಪ್ರಶ್ನೆ

ಜಾಸ್ತಿ ಸಮಯ ಇಲ್ಲಿ ಕೊಡಿ. ‘ಉದ್ದ 5 ಮೀ, ಅಗಲ 1 ಮೀ, ವಿಸ್ತೀರ್ಣ ಎಷ್ಟು?’ ಎಂದು ಕೇಳಿದರೆ ಸೂತ್ರ ಬಾಯಿಪಾಠ ಮಾಡಿದ ಮಗುವೂ ಸರಿ ಉತ್ತರ ಬರೆಯುತ್ತದೆ. ನನ್ನ ಪ್ರಶ್ನೆ ಬೇರೆ: ‘ಅಜ್ಜಿ ಹತ್ತಿರ 12 ಮೀಟರ್ ಬಲೆ ಇದೆ. ಮೆಂತ್ಯ ಸೊಪ್ಪಿನ ಮಡಿಗೆ ಕೋಳಿ ನುಗ್ಗದಂತೆ ನಾಲ್ಕೂ ಕಡೆ ಕಟ್ಟಬೇಕು. ಮಡಿಯ ಉದ್ದ ಅಗಲ ಎಷ್ಟಿಟ್ಟರೆ ಸೊಪ್ಪು ಬೆಳೆಯಲು ಜಾಸ್ತಿ ಜಾಗ ಸಿಗುತ್ತದೆ? ಅಜ್ಜಿಗೆ ಅರ್ಥವಾಗುವಂತೆ ಹೇಳು.’

5 ಮತ್ತು 1 ಮೀಟರ್ ಇಟ್ಟರೆ 5 ಚದರ ಮೀಟರ್. 4 ಮತ್ತು 2 ಇಟ್ಟರೆ 8. ಎರಡೂ 3 ಇಟ್ಟರೆ 9. ‘ಬಲೆ ಅಷ್ಟೇ ಅಲ್ವಾ ಮೇಡಂ, ಜಾಗವೂ ಅಷ್ಟೇ’ ಎನ್ನುವ ಮಗುವಿಗೆ ಪಾಠ ಇನ್ನೂ ತಲುಪಿಲ್ಲ. ‘ಚೌಕ ಆಯತ ಅಲ್ಲ’ ಎಂದು 3ನ್ನು ಬಿಟ್ಟುಬಿಡುವವರೂ ಇರುತ್ತಾರೆ. ಅವರಿಗೆ ಆಕೃತಿಗಳ ಪಾಠವನ್ನೇ ಇನ್ನೊಮ್ಮೆ ನೆನಪಿಸಬೇಕು.

ಒಳ್ಳೆಯ ಉತ್ತರ ಹೇಗಿರಬೇಕು ಎಂದು ಈಗಲೇ ಬರೆದಿಡಿ. ಕನಿಷ್ಠ ಎರಡು ಮಡಿ ಹೋಲಿಸಿರಬೇಕು. ಮೀಟರ್, ಚದರ ಮೀಟರ್ ಕಲಸಿಹೋಗಿರಬಾರದು. ಕಾರಣ ಹೇಳಿರಬೇಕು. ಗುಣಾಕಾರದಲ್ಲಿ ಸಣ್ಣ ತಪ್ಪಾಗಿ ಕಾರಣ ಸರಿ ಇದ್ದರೆ ನಾನಂತೂ ಅಂಕ ಕೊಡುತ್ತೇನೆ.

ಕೊನೆಗೆ ಚಟುವಟಿಕೆ

ಈಗ ಪ್ರತಿ ಚಟುವಟಿಕೆಗೂ ಒಂದೇ ಪರೀಕ್ಷೆ: ಅಜ್ಜಿಯ ಪ್ರಶ್ನೆ ಬಿಡಿಸಲು ಇದು ಮಗುವಿಗೆ ನೆರವಾಗುತ್ತದಾ? ಬಣ್ಣದ ಸೂತ್ರದ ಚಾರ್ಟ್ ಇಲ್ಲೇ ಬಿದ್ದುಹೋಗುತ್ತದೆ. ಚೆಂದ ಇದೆ, ಗೋಡೆ ಮೇಲಿರಲಿ. ಅದರ ಬದಲು 12 ಮೀಟರ್ ಹಗ್ಗದ ಎರಡೂ ತುದಿ ಗಂಟು ಹಾಕಿ ಮೈದಾನಕ್ಕೆ ಹೋಗಿ. ನಾಲ್ಕು ಮಕ್ಕಳು ಮೂಲೆ ಹಿಡಿದು ನಿಲ್ಲಲಿ. ಒಳಗೆ ಒಂದೊಂದು ಮೀಟರಿನ ಚೌಕ ಗೀಚಿ ಎಣಿಸಲಿ. ಮೂಲೆಯವರು ಸರಿದಂತೆ ಚೌಕಗಳ ಲೆಕ್ಕ ಬದಲಾಗುತ್ತದೆ, ಹಗ್ಗ ಅಷ್ಟೇ ಇರುತ್ತದೆ. ಮರುದಿನ ಅದನ್ನೇ ಚೌಕುಳಿ ಹಾಳೆ ಮೇಲೆ 16 ಮೀಟರಿಗೆ ಮಾಡಿಸಿ. ಸೂತ್ರ ಬರುವುದು ಇದಾದ ಮೇಲೆ.

ಶಾಲೆಯ ಪಾಠ ಯೋಜನೆ ನಮೂನೆ ಬದಲಿಸಬೇಕಿಲ್ಲ, ತುಂಬುವ ಕ್ರಮ ಬದಲಿಸಿದರೆ ಸಾಕು. ಹಾಗಂತ ಇಡೀ ವರ್ಷದ ಪಾಠಗಳಿಗೂ ಒಟ್ಟಿಗೆ ಕೈ ಹಾಕಬೇಡಿ, ಸುಸ್ತಾಗಿ ಬಿಟ್ಟುಬಿಡುತ್ತೀರಿ. ಮಕ್ಕಳು ಪ್ರತಿ ವರ್ಷ ಎಡವುವ ಒಂದು ಪಾಠ ಆರಿಸಿಕೊಳ್ಳಿ. ಗಣಿತದವರಿಗೆ ಭಿನ್ನರಾಶಿ ಇದ್ದೇ ಇದೆ.