ಹಳೆ ಮ್ಯಾಕ್ ಪ್ರೊಗೆ ಹೊಸ ಕಾರ್ಡ್, ಓಪನ್‌ಕೋರ್ ಹಾಕಿದ ಕತೆ: ನನ್ನ ಅನುಭವ

2010ರ ಮ್ಯಾಕ್ ಪ್ರೊ ಇನ್ನೂ ಬಳಸುತ್ತೇನೆ ಅಂದರೆ ಜನ ನಗುತ್ತಾರೆ. ಜಾಲರಿ ಮುಖದ ಅಲ್ಯೂಮಿನಿಯಂ ಡಬ್ಬ, 18 ಕೆಜಿ ತೂಕ, ಮಹಡಿ ಹತ್ತಿಸಲು ಇಬ್ಬರು ಬೇಕು. ಆದರೆ ಪಕ್ಕದ ಬಾಗಿಲು ತೆಗೆದು ನೋಡಿ. ಕಾರ್ಡ್ ಸಿಕ್ಕಿಸಲು ನಾಲ್ಕು ಪಿಸಿಐಇ ಸ್ಲಾಟು, ಕೈಯಲ್ಲೇ ಎಳೆದು ತೆಗೆಯಬಹುದಾದ ನಾಲ್ಕು ಡಿಸ್ಕ್ ಟ್ರೇ, 980 ವ್ಯಾಟ್‌ನ ಪವರ್ ಸಪ್ಲೈ. ಇಷ್ಟು ಜಾಗ ಇಟ್ಟು ಕಟ್ಟಿದ ಯಂತ್ರ ಈಗ ಎಲ್ಲಿ ಸಿಗುತ್ತೆ?

ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಎಡಿಟಿಂಗ್ ಸ್ಟುಡಿಯೋ ಮೂಲೆಗೆ ಹಾಕಿದ್ದು, ಆಪಲ್ ಲೆಕ್ಕದಲ್ಲಿ 5,1 ಅನ್ನುವ ಮಾದರಿ. ಎರಡು ಕ್ಸಿಯಾನ್ ಎಕ್ಸ್5680 ಪ್ರೊಸೆಸರ್, ಒಟ್ಟು 12 ಕೋರ್, 48 ಜಿಬಿ ರ‍್ಯಾಮ್. ಗ್ರಾಫಿಕ್ಸ್ ಮಾತ್ರ ಹುಟ್ಟಿದಾಗಿನದ್ದೇ, ರೇಡಿಯಾನ್ ಎಚ್‌ಡಿ 5770. ಮದುವೆ ವಿಡಿಯೋ ಎಡಿಟ್ ಮಾಡುವ ಗೆಳೆಯನೊಬ್ಬನಿಗೆ ಫೈನಲ್ ಕಟ್ ಪ್ರೊ ಓಡಬೇಕಿತ್ತು. ಹೊಸ ಯಂತ್ರಕ್ಕೆ ಅವನ ಬಳಿ ದುಡ್ಡಿರಲಿಲ್ಲ. ಸರಿ, ಇದನ್ನೇ ಎಬ್ಬಿಸೋಣ ಅಂತ ಕೂತೆ.

ಅಡ್ಡಿ ಎರಡು. (ಮ್ಯಾಕ್‌ಓಎಸ್ ಆವೃತ್ತಿಗಳು ಬಂದ ಕ್ರಮ ಹೀಗೆ: ಹೈ ಸಿಯೆರಾ, ಮೊಜಾವೆ, ಕ್ಯಾಟಲಿನಾ, ಬಿಗ್ ಸರ್, ಮಾಂಟೆರೆ, ವೆಂಚುರಾ.) 2018ರ ಮೊಜಾವೆಯಿಂದ ಮುಂದೆ ಮ್ಯಾಕ್‌ಓಎಸ್‌ಗೆ ಮೆಟಲ್ (ಆಪಲ್‌ನ ಗ್ರಾಫಿಕ್ಸ್ ತಂತ್ರಜ್ಞಾನ) ಗೊತ್ತಿರುವ ಕಾರ್ಡ್ ಬೇಕೇ ಬೇಕು. 5770ಗೆ ಅದು ಗೊತ್ತಿಲ್ಲ. ಕಾರ್ಡ್ ಬದಲಿಸಿದರೂ ಆಪಲ್ ಈ ಯಂತ್ರವನ್ನು ಮೊಜಾವೆಗೇ ನಿಲ್ಲಿಸಿದೆ. ಕ್ಯಾಟಲಿನಾದಿಂದ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ. ಅದನ್ನು ದಾಟಬೇಕಾದರೆ ಆಪಲ್‌ನ ಫರ್ಮ್‌ವೇರ್‌ಗೂ (ಬೋರ್ಡಿನ ಚಿಪ್‌ನಲ್ಲೇ ಇರುವ ಮೂಲ ಪ್ರೋಗ್ರಾಂ) ಮ್ಯಾಕ್‌ಓಎಸ್‌ಗೂ ನಡುವೆ ಬೇರೆ ಬೂಟ್ ಲೋಡರ್, ಅಂದರೆ ಓಎಸ್ ಎಬ್ಬಿಸುವ ಪ್ರೋಗ್ರಾಂ, ಕೂರಿಸಬೇಕು. ಅದೇ ಓಪನ್‌ಕೋರ್.

ಮೊದಲು ಕಾರ್ಡ್. ಎನ್‌ವಿಡಿಯಾ ಕಡೆ ಹೋಗಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಜಿಟಿಎಕ್ಸ್ 680 ಥರದ, ಕೆಪ್ಲರ್ ಅನ್ನುವ ಹಳೆ ಪೀಳಿಗೆಯ ಕಾರ್ಡ್‌ಗಳು ಬಿಗ್ ಸರ್‌ವರೆಗೆ ಓಡುತ್ತವೆ, ಮಾಂಟೆರೆಯಲ್ಲಿ ಆಪಲ್ ಅವುಗಳ ಡ್ರೈವರ್ ಕಿತ್ತುಹಾಕಿತು. ಅದಕ್ಕಿಂತ ಹೊಸ ಜಿಟಿಎಕ್ಸ್ 1060, 1080 ಇತ್ಯಾದಿಗಳಿಗೆ ಹೈ ಸಿಯೆರಾ ಆದಮೇಲೆ ಡ್ರೈವರ್ ಬರಲೇ ಇಲ್ಲ. ಎಎಂಡಿಯ ಆರ್‌ಎಕ್ಸ್ 580 ಆದರೆ ಆ ತಲೆನೋವಿಲ್ಲ, ಡ್ರೈವರ್ ಮ್ಯಾಕ್‌ಓಎಸ್ ಒಳಗೇ ಇದೆ. ಹಳೆ ಮ್ಯಾಕ್ ಪ್ರೊಗೆ ಸರಿಹೊಂದುವ ಕಾರ್ಡ್‌ಗಳ ಪಟ್ಟಿಯಲ್ಲಿ ಸಫೈರ್ ಕಂಪನಿಯ ಪಲ್ಸ್ ಆರ್‌ಎಕ್ಸ್ 580ಯ ಹೆಸರನ್ನು ಆಪಲ್ಲೇ ಹಾಕಿತ್ತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ಗೆ ಹೋದರೆ ಆರ್‌ಎಕ್ಸ್ 580 ಬೇಕಾದಷ್ಟು ಸಿಗುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡ್ ಓಡಿಸಿ ಡಿಜಿಟಲ್ ಹಣ ಗಳಿಸುವ ಕೆಲಸ) ನಿಂತಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳೆಲ್ಲ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ಬಿದ್ದವು. ಒಂದು ಅಂಗಡಿಯಲ್ಲಿ ಪಳಪಳ ಹೊಳೆಯುವ ಕಾರ್ಡ್ ಮುಂದಿಟ್ಟರು. ಡಬ್ಬದ ಮೇಲೆ 580 ಅಂತಲೇ ಇತ್ತು. ಅವರ ಟೆಸ್ಟ್ ಬೆಂಚಿನಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಓಡಿಸಿ ಅಂದೆ. ಶೇಡರ್ (ಕಾರ್ಡಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕ) ಸಂಖ್ಯೆ 2048 ತೋರಿಸಿತು, ಡಿವೈಸ್ ಐಡಿ 6ಎಫ್‌ಡಿಎಫ್. ನಿಜವಾದ 580ಯಲ್ಲಿ ಶೇಡರ್ 2304, ಐಡಿ 67ಡಿಎಫ್. ಇದು 2048ಎಸ್‌ಪಿ ಅನ್ನುವ ತಳಿ, ಒಳಗಿನ ಲೆಕ್ಕದಲ್ಲಿ ಆರ್‌ಎಕ್ಸ್ 570ಕ್ಕೆ ಸಮ. ವಿಂಡೋಸ್‌ಗೆ ಚಿಂತೆ ಇಲ್ಲ, ಮ್ಯಾಕ್‌ಓಎಸ್ ಮಾತ್ರ ಆ ಐಡಿ ಕಂಡರೆ ಇದ್ಯಾರು ಅನ್ನುತ್ತೆ. 570ರ ವಿಬಯೋಸ್ (ಕಾರ್ಡಿನ ಸ್ವಂತ ಫರ್ಮ್‌ವೇರ್) ಬರೆದು ಸರಿಮಾಡುವವರೂ ಇದ್ದಾರೆ. ನನಗೆ ಬೇಡವಾಗಿತ್ತು, ಮುಂದಿನ ಅಂಗಡಿಗೆ ಹೋದೆ.

ಅಲ್ಲಿ ಸಿಕ್ಕಿದ್ದು ಅಸಲಿ ಪಲ್ಸ್, 8 ಜಿಬಿ. ಅದೂ ಮೈನಿಂಗ್‌ನಿಂದಲೇ ಬಂದದ್ದು. ಜಾಸ್ತಿ ಇಥೀರಿಯಂ ಸಿಗಲಿ ಅಂತ ವಿಬಯೋಸ್‌ನಲ್ಲಿ ಮೆಮೊರಿ ಟೈಮಿಂಗ್ ತಿದ್ದಿರುತ್ತಾರೆ. ಅಂಥ ಕಾರ್ಡ್ ಮ್ಯಾಕ್‌ನಲ್ಲಿ ಯಾವಾಗ ಕೈಕೊಡುತ್ತೋ ಹೇಳಲಾಗದು. ಇದರ ಅಂಚಿನಲ್ಲಿ ಉಗುರಿನಷ್ಟಿರುವ ಒಂದು ಸ್ವಿಚ್ ಇತ್ತು. ಒಂದೇ ಕಾರ್ಡಿನಲ್ಲಿ ಎರಡು ಬಯೋಸ್. ಮೈನಿಂಗ್‌ನವರು ತಿದ್ದಿದ್ದು ಒಂದನ್ನು ಮಾತ್ರ. ಸ್ವಿಚ್ ಆ ಕಡೆ ತಳ್ಳಿದರೆ ಕಂಪನಿ ಕೊಟ್ಟಿದ್ದು ಹಾಗೇ ಇತ್ತು. ಇಂಥ ಸ್ವಿಚ್ ಇರುವ ಕಾರ್ಡ್ ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ತಗೊಳ್ಳಿ.

ಪಲ್ಸ್ ಹುಡುಕಿದ್ದಕ್ಕೆ ಇನ್ನೊಂದು ಕಾರಣ ಕರೆಂಟು. ಪವರ್ ಸಪ್ಲೈ 980 ವ್ಯಾಟ್ ಇದ್ದರೂ ಅದರಿಂದ ಕಾರ್ಡ್‌ಗೆ ನೇರವಾಗಿ ವೈರ್ ಬರುವುದಿಲ್ಲ. ಮದರ್‌ಬೋರ್ಡ್ ಮೇಲೆ ಎರಡು ಪುಟ್ಟ 6-ಪಿನ್ ಸಾಕೆಟ್ ಇವೆ, ಒಂದೊಂದಕ್ಕೆ 75 ವ್ಯಾಟ್. ಸ್ಲಾಟ್‌ನಿಂದ ಇನ್ನೊಂದು 75. ಒಟ್ಟು 225 ವ್ಯಾಟ್, ಅಷ್ಟರಲ್ಲೇ ಸಂಸಾರ ನಡೆಸಬೇಕು. ಆರ್‌ಎಕ್ಸ್ 580 ಅಧಿಕೃತವಾಗಿ 185 ವ್ಯಾಟ್‌ನದು, ಪಲ್ಸ್‌ಗೆ ಒಂದೇ 8-ಪಿನ್ ಸಾಕು. ಅದರ ಅಣ್ಣ ನೈಟ್ರೊ ಪ್ಲಸ್ 8-ಪಿನ್ ಜೊತೆ ಇನ್ನೊಂದು 6-ಪಿನ್ ಕೇಳುತ್ತೆ, ಈ ಮನೆಗೆ ಹೊಂದಲ್ಲ.

ಕೇಬಲ್ ಕೊಳ್ಳುವಾಗ ಹುಷಾರು. ಒಂದು ಮಿನಿ 6-ಪಿನ್‌ನಿಂದ ನೇರ 8-ಪಿನ್‌ಗೆ ಹೋಗುವ ಅಗ್ಗದ ಕೇಬಲ್ ಸಿಗುತ್ತೆ. ಅದು ಇಡೀ ಭಾರವನ್ನು ಒಂದೇ ಸಾಕೆಟ್ ಮೇಲೆ ಹೊರಿಸುತ್ತೆ. ರೆಂಡರ್ ಮಧ್ಯದಲ್ಲಿ ಯಂತ್ರ ಟಪ್ ಅಂತ ಆಫ್ ಆಗುತ್ತೆ ಅಂತ ಗೋಳಾಡುವವರ ಒಳಗೆ ಇಣುಕಿದರೆ ಈ ಕೇಬಲ್ಲೇ ಇರುತ್ತೆ. ಎರಡು ಮಿನಿ 6-ಪಿನ್ ಸೇರಿ ಒಂದು 8-ಪಿನ್ ಆಗುವ ಕೇಬಲ್ ತಗೊಳ್ಳಿ. ಮ್ಯಾಕ್ ಪ್ರೊ ಒಳಗೆ ಈ ಸಾಕೆಟ್‌ಗಳಿಗೆ ಸೆನ್ಸರ್ ಕೂಡ ಇವೆ. ಸೆನ್ಸರ್ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಪಿಸಿಐಇ ಬೂಸ್ಟ್ ಅನ್ನುವ ಎರಡು ಸಾಲು ನೋಡಿ. 12 ವೋಲ್ಟ್‌ನಲ್ಲಿ 75 ವ್ಯಾಟ್ ಅಂದರೆ 6.25 ಆಂಪಿಯರ್. ಉದ್ದದ ಒಂದು ಎಕ್ಸ್‌ಪೋರ್ಟ್ ಹಾಕಿ ಆ ಎರಡು ಸಾಲನ್ನೇ ನೋಡುತ್ತಾ ಕೂತೆ. ಎರಡೂ ಹೆಚ್ಚುಕಡಿಮೆ ಸಮವಾಗಿ ಏರಿದವು, ಮಿತಿಯ ಒಳಗೇ ನಿಂತವು. ಆಮೇಲೆಯೇ ಬಾಗಿಲು ಮುಚ್ಚಿದ್ದು.

ಕಾರ್ಡ್ ಬದಲಿಸುವ ಮುಂಚೆ ಮಾಡಿ ಮುಗಿಸಬೇಕಾದ ಕೆಲಸಗಳಿವೆ. 5770 ಇರುವಾಗಲೇ ಕಮಾಂಡ್-ಆರ್ ಹಿಡಿದು ರಿಕವರಿಗೆ ಹೋಗಿ ಸಿಎಸ್‌ಆರ್‌ಯುಟಿಲ್‌ನಿಂದ ಸಿಸ್ಟಂ ರಕ್ಷಣೆ ಆಫ್ ಮಾಡಿಕೊಂಡೆ. ಡಿಸ್ಕ್‌ಗೆ ಬೀಗ ಹಾಕುವ ಫೈಲ್‌ವಾಲ್ಟ್ ಕೂಡ ಆಫ್. ಅದು ಪಾಸ್‌ವರ್ಡ್ ಕೇಳುವುದು ಬೂಟ್ ಆಗುವ ಮೊದಲು, ಆ ಹೊತ್ತಿಗೆ ಹೊಸ ಕಾರ್ಡ್‌ನಲ್ಲಿ ಪರದೆ ಕಪ್ಪಗಿರುತ್ತೆ, ಏನು ಟೈಪ್ ಮಾಡುತ್ತೀರಿ? ಹಾಗೆಯೇ ವೈರ್ ಇರುವ ಯುಎಸ್‌ಬಿ ಕೀಬೋರ್ಡ್ ಇಟ್ಟುಕೊಳ್ಳಿ. ಶುರುವಿನಲ್ಲೇ ಕೀ ಹಿಡಿಯಬೇಕಾದಾಗ ಬ್ಲೂಟೂತ್ ಕೀಬೋರ್ಡ್ ನಂಬಿ ಕೂರಬಾರದು.

ಇದೆಲ್ಲ ಆದಮೇಲೆ 580 ಕೂರಿಸಿ, ಹೈ ಸಿಯೆರಾ 10.13.6ರಿಂದ ಮೊಜಾವೆ ಇನ್‌ಸ್ಟಾಲರ್ ಓಡಿಸಿದೆ. ಅದು ಮೊದಲು ಫರ್ಮ್‌ವೇರ್ ಅಪ್‌ಡೇಟ್ ಕೇಳುತ್ತೆ. ಯಂತ್ರ ಆಫ್ ಮಾಡಿ, ಪವರ್ ಬಟನ್ನನ್ನು ಅದರ ದೀಪ ಪಟಪಟ ಮಿಣುಕುವವರೆಗೆ ಒತ್ತಿ ಹಿಡಿಯಬೇಕು. ಕೊನೆಗೆ ಬೂಟ್ ರಾಮ್ (ಫರ್ಮ್‌ವೇರ್‌ನ ಆವೃತ್ತಿ) 144.0.0.0.0 ಆಗಬೇಕು. ಈ ಮಾದರಿಗೆ ಆಪಲ್ ಕೊಟ್ಟ ಕೊನೆಯ ಫರ್ಮ್‌ವೇರ್ ಅದು, ಎನ್‌ವಿಎಂಇ ಅನ್ನುವ ವೇಗದ ಡಿಸ್ಕ್‌ನಿಂದ ಬೂಟ್ ಆಗುವ ಶಕ್ತಿಯೂ ಅದರಲ್ಲಿದೆ. ಅಡಾಪ್ಟರ್ ಹಾಕಿದ ಎನ್‌ವಿಎಂಇ ಇಲ್ಲಿ ಸೆಕೆಂಡಿಗೆ 1500 ಎಂಬಿ ಆಸುಪಾಸು ಓಡುತ್ತೆ. ಸ್ಲಾಟ್ ಪಿಸಿಐಇ 2.0 ಆದ್ದರಿಂದ ಅಷ್ಟೇ. ಹಳೆ ಸಾಟಾ ಡಿಸ್ಕ್ ನೋಡಿದವರಿಗೆ ಅದೇ ಹಬ್ಬ.

ಈಗ ಕಪ್ಪು ಪರದೆ ವಿಷಯ. ಇಲ್ಲಿಯೇ ಬಹಳ ಜನ ಹೆದರಿ ಕಾರ್ಡ್ ವಾಪಸ್ ಕೊಡುವುದು. ಪರದೆ ಮೇಲೆ ಚಿತ್ರ ಬರೆಯುವ ಕೆಲಸ ಎರಡು ಪಾಳಿಯಲ್ಲಿ ನಡೆಯುತ್ತೆ. ಸ್ವಿಚ್ ಹಾಕಿದ ಕೂಡಲೇ ಫರ್ಮ್‌ವೇರ್‌ನ ಪಾಳಿ, ಮ್ಯಾಕ್‌ಓಎಸ್ ಡ್ರೈವರ್ ಎದ್ದಮೇಲೆ ಅದರ ಪಾಳಿ. ಮ್ಯಾಕ್ ಪ್ರೊದ ಫರ್ಮ್‌ವೇರ್ ಹಳೆ ಕಾಲದ ಇಎಫ್‌ಐ, ಚಿತ್ರಕ್ಕೆ ಯುಜಿಎ ಅನ್ನುವ ಹಳೆ ಪದ್ಧತಿ. ಪಿಸಿಗೆಂದು ಮಾಡಿದ 580 ಆಡುವುದು ಜಿಒಪಿ ಅನ್ನುವ ಹೊಸ ಪದ್ಧತಿಯ ಭಾಷೆ. ಇವೆರಡಕ್ಕೂ ಮಾತುಕತೆ ಇಲ್ಲ. ಆದ್ದರಿಂದ ಸೇಬಿನ ಚಿತ್ರವೂ ಇಲ್ಲ, ಆಪ್ಷನ್ ಕೀ ಹಿಡಿದರೆ ಡಿಸ್ಕ್ ಪಟ್ಟಿಯೂ ಇಲ್ಲ. ಸುಮ್ನೆ ಕಾದರೆ ನೇರವಾಗಿ ಲಾಗಿನ್ ಪರದೆ ಬರುತ್ತೆ. ಕಾರ್ಡ್ ಕೆಟ್ಟಿಲ್ಲ.

ಓಪನ್‌ಕೋರ್ ಈ ತೊಂದರೆಯನ್ನೂ ಕಳೆಯುತ್ತೆ. ಅದರ ಕಾನ್ಫಿಗ್ ಫೈಲಿನಲ್ಲಿ ಪ್ರೊವೈಡ್ ಕನ್ಸೋಲ್ ಜಿಒಪಿ ಅನ್ನುವ ಒಂದು ಸಾಲಿದೆ. ಅದನ್ನು ಆನ್ ಮಾಡಿದರೆ ಓಪನ್‌ಕೋರ್‌ನ ಡಿಸ್ಕ್ ಆಯ್ಕೆ ಪಟ್ಟಿ 580ಯಲ್ಲೇ ಮೂಡುತ್ತೆ. ಸೇಬೂ ಬರುತ್ತೆ, ಅದರ ಕೆಳಗಿನ ಗೆರೆಯೂ ಬರುತ್ತೆ. ಮೊದಲ ಸಲ ಒಂದೇ ಮಾನಿಟರ್ ಸಿಕ್ಕಿಸಿ ನೋಡಿ. ಎರಡು ಸಿಕ್ಕಿಸಿದರೆ ಚಿತ್ರ ಯಾವುದಕ್ಕೆ ಹೋಯಿತು ಅಂತ ಹುಡುಕುತ್ತಾ ಕೂರಬೇಕಾಗುತ್ತೆ.

ಎಲ್ಲಿ ಇಡಬೇಕು ಅನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಓಪನ್‌ಕೋರನ್ನು ಫರ್ಮ್‌ವೇರ್ ಚಿಪ್‌ಗೆ ಬರೆಯುವ ಅಗತ್ಯವೇ ಇಲ್ಲ, ಅದು ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್ ಅನ್ನುವ ಪುಟ್ಟ ಭಾಗದಲ್ಲಿ ಕೂರುವ ಕೆಲವು ಫೈಲುಗಳು ಮಾತ್ರ. ಅದಕ್ಕೆಂದೇ ಹಳೆಯ ಸಾಟಾ ಎಸ್‌ಎಸ್‌ಡಿಯೊಂದನ್ನು ಒಂದನೇ ಟ್ರೇಯಲ್ಲಿ ಹಾಕಿದೆ, ಎರಡನೆಯದರಲ್ಲಿ ಮೊಜಾವೆ. ಆಮೇಲೆ ಟರ್ಮಿನಲ್‌ನಲ್ಲಿ ಬ್ಲೆಸ್ ಆಜ್ಞೆ ಕೊಟ್ಟು, ಇನ್ನು ಮುಂದೆ ಈ ಫೈಲಿನಿಂದ ಶುರು ಮಾಡು ಅಂತ ಫರ್ಮ್‌ವೇರ್‌ಗೆ ಹೇಳಿದೆ. ಏನಾದರೂ ಎಡವಟ್ಟಾದರೆ ಒಂದನೇ ಟ್ರೇ ಎಳೆದರೆ ಮುಗೀತು, ಯಂತ್ರ ತಾನಾಗಿ ಮೊಜಾವೆ ಹುಡುಕಿಕೊಂಡು ಏಳುತ್ತೆ. ಕಮಾಂಡ್-ಆಪ್ಷನ್-ಪಿ-ಆರ್ ಹಿಡಿದು ಎನ್‌ವಿರ‍್ಯಾಮ್ (ಫರ್ಮ್‌ವೇರ್ ತನ್ನ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಜಾಗ) ಅಳಿಸಿದರೂ ಬ್ಲೆಸ್ ಮರೆತುಹೋಗುತ್ತೆ. ಮೊಜಾವೆ ಡಿಸ್ಕ್ ಮಾತ್ರ ಯಾವತ್ತೂ ಅಳಿಸಬೇಡಿ. ಕೊನೆಗೆ ನಾನು ಹಾಕಿದ್ದು ಮಾಂಟೆರೆ, ಓಪನ್‌ಕೋರ್ ಇಲ್ಲದೆ ಅದು ಈ ಯಂತ್ರದಲ್ಲಿ ಏಳುವುದಿಲ್ಲ. ಇದರ ಜೊತೆಗೆ ಬ್ಯಾಗಿನಲ್ಲಿ ಒಂದು ಜಿಟಿ 120 ಇಟ್ಟುಕೊಂಡಿದ್ದೇನೆ. 2009ರ ಮ್ಯಾಕ್ ಪ್ರೊ ಜೊತೆ ಬರುತ್ತಿದ್ದ ಬಡ ಕಾರ್ಡ್, ಬೇರೆ ಪವರ್ ವೈರ್ ಕೇಳಲ್ಲ, ಆಪಲ್‌ನ ಸ್ವಂತ ಬೂಟ್ ಪರದೆ ತೋರಿಸುತ್ತೆ. ಬೇರೆ ಯಾವುದಕ್ಕೂ ಅದು ಲಾಯಕ್ಕಿಲ್ಲ.

ಕಾನ್ಫಿಗ್ ಬಗ್ಗೆ ಒಂದೇ ಮಾತು. ಬೇರೆಯವರ ಫೈಲನ್ನು ಕಣ್ಣುಮುಚ್ಚಿ ಹಾಕಬೇಡಿ. ಓಪನ್‌ಕೋರ್ ಆವೃತ್ತಿ ಬದಲಾದಂತೆ ಅದರ ಸಾಲುಗಳೂ ಬದಲಾಗುತ್ತವೆ. ಜೊತೆಗೇ ಬರುವ ಒಸಿವ್ಯಾಲಿಡೇಟ್ ಓಡಿಸಿದರೆ ಯಾವ ಸಾಲು ತಪ್ಪು ಅಂತ ಅದೇ ಹೇಳುತ್ತೆ. ಆದರೂ ಏಳದಿದ್ದರೆ ಓಪನ್‌ಕೋರ್‌ನ ಡಿಬಗ್ ಆವೃತ್ತಿ ಹಾಕಿ, ಕಾನ್ಫಿಗ್‌ನ ಟಾರ್ಗೆಟ್ ಅನ್ನುವ ಸಾಲಿಗೆ 67 ಕೊಡಿ. ಪ್ರತಿ ಬೂಟ್‌ಗೂ ಇಎಫ್‌ಐ ಪಾರ್ಟಿಷನ್‌ನಲ್ಲಿ ಒಂದು ಲಾಗ್ ಫೈಲ್ ಬೀಳುತ್ತೆ. ಪರದೆ ಕಪ್ಪಗಿದ್ದರೂ ಡಿಸ್ಕ್ ಎಳೆದು ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಎಲ್ಲಿವರೆಗೆ ಹೋಗಿ ನಿಂತಿತು ಅಂತ ಗೊತ್ತಾಗುತ್ತೆ.

ಆಲ್ಬಂ ಡಿಸೈನ್‌ಗೆ ವಿಂಡೋಸ್ ಕೂಡ ಹಾಕು ಅಂದ ಗೆಳೆಯ. ಹಾಕಲಿಲ್ಲ. ಯುಇಎಫ್‌ಐ ರೀತಿಯಲ್ಲಿ ಬೂಟ್ ಆದ ವಿಂಡೋಸ್ ತನ್ನ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್‌ಗಳನ್ನು ಎನ್‌ವಿರ‍್ಯಾಮ್ ಒಳಗೆ ಬರೆಯುತ್ತೆ. ಮ್ಯಾಕ್ ಪ್ರೊದಲ್ಲಿ ಅದಕ್ಕೆ ಇರುವ ಜಾಗ ಬಹಳ ಚಿಕ್ಕದು, ಅದೂ ಫರ್ಮ್‌ವೇರ್ ಇರುವ ಅದೇ 4 ಎಂಬಿ ಚಿಪ್‌ನಲ್ಲಿ. ಹೀಗೆ ತುಂಬಿ ಹಾಳಾದ ಬೋರ್ಡ್‌ಗಳಿವೆ. ಆಮೇಲೆ ಚಿಪ್ ಕಿತ್ತು ಮತ್ತೆ ಬರೆಯುವ ಪಾಡು. ಓಪನ್‌ಕೋರ್‌ನಲ್ಲಿ ಪ್ರೊಟೆಕ್ಟ್ ಸೆಕ್ಯೂರ್ ಬೂಟ್ ಅನ್ನುವ ಕಾವಲು ಇದೆ ನಿಜ. ಆದರೆ ಯಾವತ್ತೋ ಒಂದು ದಿನ ಓಪನ್‌ಕೋರ್ ದಾಟಿ ನೇರ ವಿಂಡೋಸ್‌ಗೆ ಹೋದರೆ ಆ ಕಾವಲೂ ಇರಲ್ಲ. ಅದಕ್ಕೆ ಬೇರೆ ಪಿಸಿ ಇಟ್ಟುಕೋ ಅಂದೆ.

ಯಾವ ಮ್ಯಾಕ್‌ಓಎಸ್‌ವರೆಗೆ ಹೋಗಬೇಕು? ನಾನು ಮಾಂಟೆರೆಗೆ ನಿಲ್ಲಿಸಿದೆ. 580ಯ ಡ್ರೈವರ್ ಅದರಲ್ಲಿ ಹಾಗೇ ಕೆಲಸ ಮಾಡುತ್ತೆ, ಸಿಸ್ಟಂ ಫೈಲ್ ತಿದ್ದಬೇಕಾಗಿಲ್ಲ. ವೆಂಚುರಾದಿಂದ ಎಎಂಡಿ ಡ್ರೈವರ್‌ಗಳಿಗೆ ಎವಿಎಕ್ಸ್2 ಅನ್ನುವ ಆಜ್ಞೆಗಳ ಗುಂಪು ಗೊತ್ತಿರುವ ಪ್ರೊಸೆಸರ್ ಬೇಕು. ಎಕ್ಸ್5680ಯಲ್ಲಿ ಮೊದಲ ಎವಿಎಕ್ಸೇ ಇಲ್ಲ. ಓಪನ್‌ಕೋರ್ ಲೆಗಸಿ ಪ್ಯಾಚರ್ ಅನ್ನುವ ಸಾಧನ ಸಿಸ್ಟಂ ಫೈಲ್ ತಿದ್ದಿ ಅದಕ್ಕೂ ದಾರಿ ಮಾಡಿಕೊಡುತ್ತೆ, ಆದರೆ ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ಪ್ಯಾಚ್. ದುಡಿದು ತಿನ್ನುವವನ ಯಂತ್ರಕ್ಕೆ ಆ ರಗಳೆ ಯಾಕೆ? ಮಾಂಟೆರೆಗೆ 2024ರ ಜುಲೈನ 12.7.6 ಆದಮೇಲೆ ಭದ್ರತಾ ಅಪ್‌ಡೇಟ್ ಬರುತ್ತಿಲ್ಲ. ಹಾಗಾಗಿ ಬ್ಯಾಂಕ್ ಕೆಲಸ ಇದರಲ್ಲಿ ಬೇಡ ಅಂತ ಹೇಳಿದ್ದೇನೆ.

ವಿಡಿಯೋಗೆ ಇನ್ನೊಂದು ಕೊಂಡಿ ಬೇಕಾಯಿತು. ಲೀಲು, ವಾಟೆವರ್‌ಗ್ರೀನ್ ಅನ್ನುವ ಎರಡು ಕೆಕ್ಸ್ಟ್ (ಮ್ಯಾಕ್‌ಓಎಸ್‌ಗೆ ಸೇರಿಸುವ ಡ್ರೈವರ್ ಥರದ ಫೈಲು) ಸೇರಿಸಿ ಸರಿಯಾದ ಆಯ್ಕೆ ಕೊಟ್ಟರೆ ಎಚ್‌ಇವಿಸಿ ಅನ್ನುವ ಒತ್ತಿಟ್ಟ ವಿಡಿಯೋ ಬಿಚ್ಚುವ ಕೆಲಸವನ್ನು ಕಾರ್ಡೇ ಮಾಡುತ್ತೆ. ಫೋನು, ಡ್ರೋನ್‌ನ ಕ್ಲಿಪ್‌ಗಳು ಟೈಮ್‌ಲೈನ್‌ನಲ್ಲಿ ಸಲೀಸಾಗಿ ಓಡತೊಡಗಿದವು. ಆದರೆ ಹೊಸ ಮಿರರ್‌ಲೆಸ್ ಕ್ಯಾಮೆರಾಗಳ 10-ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ) ಫೂಟೇಜ್ ಈ ಕಾರ್ಡಿಗೆ ಆಗಲ್ಲ. ಅದನ್ನು ಗೆಳೆಯ ರಾತ್ರಿ ಪ್ರೊರೆಸ್‌ಗೆ (ಎಡಿಟಿಂಗ್‌ಗೆ ಸುಲಭವಾದ ಆಪಲ್ ಫಾರ್ಮ್ಯಾಟ್) ಬದಲಿಸಲು ಬಿಟ್ಟು ಮಲಗುತ್ತಾನೆ. 12 ಕೋರ್ ಇರುವುದು ಆಗ ಉಪಯೋಗಕ್ಕೆ ಬರುತ್ತೆ.

ಮನೆಯಲ್ಲಿ ಸಾಮಾನ್ಯವಾಗಿ ಇಡುವ 600 ವಿಎ ಯುಪಿಎಸ್ ಇದಕ್ಕೆ ಸಾಲದು. ಒಂದೊಂದು ಪ್ರೊಸೆಸರ್ 130 ವ್ಯಾಟ್‌ನದು, ಕಾರ್ಡ್ 185. ಅಲ್ಲಿಗೇ 445 ಆಯಿತು, ಮಾನಿಟರ್, ಡಿಸ್ಕ್ ಬೇರೆ. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಕೀ ಅಂತ ಕೂಗಿ ಕೈಬಿಡುತ್ತೆ. 1.5 ಕೆವಿಎದ್ದು ಹಾಕಿಸಿಕೊಳ್ಳಿ, ಅದರ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.