ಆನ್ ಆರ್ಬರ್‌ಗೆ ಹೊರಟ ನಮ್ಮ ಕಡೆಯವರಿಗೆ: ಬಾಡಿಗೆ ಮನೆಯ ವಿಚಾರ

ಜುಲೈಯಲ್ಲಿ ರಜೆಗೆ ಉಡುಪಿಗೆ ಬಂದರೆ ನಮ್ಮ ಮನೆ ಜಗಲಿಯಲ್ಲಿ ಒಂದು ಸಣ್ಣ ಆಫೀಸೇ ತೆರೆದ ಹಾಗೆ. ಹೊರಗೆ ಆಟಿಯ ಮಳೆ. ಒಳಗೆ ಮಣಿಪಾಲ, ನಿಟ್ಟೆ, ಸುರತ್ಕಲ್‌ನಲ್ಲಿ ಓದಿ ಆಗಸ್ಟ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಹೊರಟ ಹುಡುಗ ಹುಡುಗಿಯರು, ಜೊತೆಗೆ ಅವರಿಗಿಂತ ಜಾಸ್ತಿ ಪ್ರಶ್ನೆ ಇರುವ ಅಮ್ಮಂದಿರು. ಪ್ರತಿ ವರ್ಷ ಅದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ, ಈ ಸಲ ಬರೆದೇ ಬಿಡುತ್ತೇನೆ. ಮಿಷಿಗನ್ ಯೂನಿವರ್ಸಿಟಿ ಇರುವ ಊರು ಆನ್ ಆರ್ಬರ್, ಅಲ್ಲಿ ನಾನು ಹದಿನಾಲ್ಕು ವರ್ಷದಿಂದ ಇದ್ದೇನೆ. ಅದರಲ್ಲಿ ಒಂಬತ್ತು ವರ್ಷ ಬಾಡಿಗೆ, ನಾಲ್ಕು ಮನೆ.

ಮೊದಲು ಊರಿನ ಅಂದಾಜು. ಅಮೆರಿಕ ಅಂದ ಕೂಡಲೇ ನ್ಯೂಯಾರ್ಕ್ ಕಣ್ಣಿಗೆ ಬರುತ್ತದೆ. ಇದು ಹಾಗಲ್ಲ. 2020ರ ಗಣತಿಯಲ್ಲಿ ಆನ್ ಆರ್ಬರ್ ಜನಸಂಖ್ಯೆ ಸುಮಾರು 1.24 ಲಕ್ಷ. ನಮ್ಮ ಉಡುಪಿ ನಗರಸಭೆಯದ್ದು 2011ರಲ್ಲಿ ಸುಮಾರು 1.25 ಲಕ್ಷ. ಅಂದರೆ ಉಡುಪಿಯಷ್ಟೇ ಊರು, ಆದರೆ ನಡುವೆ ಮಣಿಪಾಲವನ್ನು ತಂದು ಕೂರಿಸಿದ ಹಾಗೆ. ಫುಟ್‌ಬಾಲ್ ಮೈದಾನ ಒಂದರಲ್ಲೇ 1,07,601 ಸೀಟು! ಆಟ ಇರುವ ಶನಿವಾರ ಪರ್ಯಾಯದ ರಾತ್ರಿ ರಥಬೀದಿಗೆ ಕಾರು ತೆಗೆದುಕೊಂಡು ಹೋದವನ ಪಾಡೇ ಆಗುತ್ತದೆ. ಆ ದಿನ ಮನೆ ಸಾಗಿಸುವ ಪ್ಲಾನ್ ಹಾಕಬೇಡಿ.

ಮಣಿಪಾಲದಲ್ಲಿ ಬಾಡಿಗೆಗೆ ಇದ್ದವರಿಗೆ ಅರ್ಧ ವಿದ್ಯೆ ಬಂದೇ ಇರುತ್ತದೆ. ಕಾಲೇಜಿಗೆ ಹತ್ತಿರ ಇದ್ದಷ್ಟೂ ದುಬಾರಿ, ದೂರ ಹೋದಷ್ಟೂ ಅಗ್ಗ. ಸೆಂಟ್ರಲ್ ಕ್ಯಾಂಪಸ್ ಪಕ್ಕ ಒಬ್ಬರ ಪಾಲಿಗೇ ತಿಂಗಳಿಗೆ ಸಾವಿರ ಡಾಲರ್ ದಾಟುವುದು ಮಾಮೂಲಿ. ಇಂಜಿನಿಯರಿಂಗ್‌ನವರಿಗೆ ಕ್ಲಾಸು ಹೆಚ್ಚಾಗಿ ನಾರ್ತ್ ಕ್ಯಾಂಪಸ್‌ನಲ್ಲಿ, ಹಾಗಾಗಿ ಪ್ಲಿಮತ್ ರೋಡ್ ಕಡೆ ನೋಡಿ. ಪಕ್ಕದ ಇಪ್ಸಿಲ್ಯಾಂಟಿ ಇನ್ನೂ ಅಗ್ಗ, ಆದರೆ ಅದು ಹಿರಿಯಡ್ಕದಲ್ಲಿ ರೂಮ್ ಮಾಡಿ ಮಣಿಪಾಲಕ್ಕೆ ಓಡಾಡಿದ ಹಾಗೆ. ಯೂನಿವರ್ಸಿಟಿಯ ನೀಲಿ ಬಸ್ಸು ಫ್ರೀ. ಕಾಲೇಜಿನ ಕಾರ್ಡ್ ತೋರಿಸಿದರೆ ಸಿಟಿ ಬಸ್ಸೂ ಫ್ರೀ. ಮನೆ ನೋಡುವಾಗ ಬಸ್ ಸ್ಟಾಪ್‌ಗೆ ಎಷ್ಟು ನಿಮಿಷ ಅನ್ನುವುದನ್ನು ಜನವರಿಯ ಲೆಕ್ಕದಲ್ಲಿ ಕೇಳಿ. ಆಗಸ್ಟ್‌ನ ಐದು ನಿಮಿಷ ಹಿಮದಲ್ಲಿ ಹನ್ನೆರಡು ಆಗುತ್ತದೆ.

ಇಲ್ಲಿಂದಲೇ ಮನೆ ಹಿಡಿಯುವವರಿಗೆ ಒಂದು ಮಾತು. ಫೋಟೋ ಚಂದ, ಬಾಡಿಗೆ ಕಡಿಮೆ, ಓನರ್ ಮಾತ್ರ ಯಾವುದೋ ದೇಶದಲ್ಲಿದ್ದಾರೆ, ದುಡ್ಡು ಕಳಿಸಿದರೆ ಕೀ ಕೊರಿಯರ್‌ನಲ್ಲಿ ಬರುತ್ತದಂತೆ. ಅದು ಮೋಸ. ಸುಮ್ನೆ ಅಲ್ಲಿಗೇ ಬಿಟ್ಟುಬಿಡಿ. ಅಲ್ಲಿರುವ ಸೀನಿಯರ್ ಒಬ್ಬರು ಒಳಗೆ ಹೋಗಿ ವಿಡಿಯೋ ಕಾಲ್‌ನಲ್ಲಿ ನೀರಿನ ನಲ್ಲಿ ತಿರುಗಿಸಿ ತೋರಿಸದೆ ಒಂದು ಡಾಲರ್ ಕೂಡ ಕಳಿಸಬೇಡಿ.

ಈಗ ಲೀಸ್, ಅಂದರೆ ಅಲ್ಲಿಯ ಬಾಡಿಗೆ ಕರಾರು. ನಮ್ಮ ಕಡೆ ಓನರ್ ಆಂಟಿ ಹತ್ತಿರ ಮಾತಾಡಿ, ಒಂದು ಛಾಪಾ ಕಾಗದಕ್ಕೆ ಸೈನ್ ಹಾಕಿ, ಉಳಿದದ್ದೆಲ್ಲ ಬಾಯಲ್ಲೇ ನಡೆಯುತ್ತದೆ. "ಪೈಂಟ್ ಮಾಡಿಸ್ತೇನೆ ಆಯ್ತಾ" ಅಂದರೆ ಒಂದಲ್ಲ ಒಂದು ದಿನ ಮಾಡಿಸುತ್ತಾರೆ. ಅಲ್ಲಿ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಓನರ್ ಒಳ್ಳೆಯವರೇ ಇರಬಹುದು, ಆದರೆ ಲೀಸ್‌ನಲ್ಲಿ ಇಲ್ಲದ್ದು ಇಲ್ಲ. ಇಪ್ಪತ್ತು ಮೂವತ್ತು ಪುಟ ಇರುತ್ತದೆ, ಓದಿ. ಅರ್ಥ ಆಗದಿದ್ದರೆ ಯೂನಿವರ್ಸಿಟಿಯ ಸ್ಟೂಡೆಂಟ್ ಲೀಗಲ್ ಸರ್ವೀಸಸ್‌ನವರು ವಿದ್ಯಾರ್ಥಿಗಳಿಗೆ ದುಡ್ಡಿಲ್ಲದೆ ಓದಿ ಹೇಳುತ್ತಾರೆ. ಸೈನ್ ಹಾಕುವ ಮೊದಲು ಹೋಗಬೇಕು, ಆಮೇಲಲ್ಲ.

ಅದರಲ್ಲಿ ಜಂಟಿ ಹೊಣೆ ಅಂತ ಒಂದು ಕಲಂ ಇರುತ್ತದೆ, ಎಲ್ಲರೂ ಹಾರಿಸಿ ಓದುವುದು ಅದನ್ನೇ. ಮೂವರು ಸೇರಿ ಸೈನ್ ಹಾಕಿದರೆ ಓನರ್ ಲೆಕ್ಕದಲ್ಲಿ ನೀವು ಮೂವರಲ್ಲ, ಒಬ್ಬರೇ. ನನ್ನ ಎರಡನೇ ವರ್ಷ, ನಮ್ಮ ಜೊತೆ ಇದ್ದವನು ಜನವರಿಯಲ್ಲಿ ಬೇರೆ ಊರಲ್ಲಿ ಕೆಲಸ ಸಿಕ್ಕಿತು ಅಂತ ಹೊರಟ. ಒಳ್ಳೆ ಹುಡುಗ, ಹೋಗುವಾಗ ಕುಕ್ಕರ್ ಕೂಡ ಬಿಟ್ಟು ಹೋದ. ಬಾಡಿಗೆ ಮಾತ್ರ ಬಿಟ್ಟು ಹೋಗಲಿಲ್ಲ. ಏಳು ತಿಂಗಳು ಅವನ ಪಾಲನ್ನು ನಾವಿಬ್ಬರು ಕಟ್ಟಿದೆವು. ನಡುವೆ ಬಿಡಬೇಕಾದರೆ ಸಬ್‌ಲೀಸ್, ಅಂದರೆ ನಿಮ್ಮ ಜಾಗವನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಹುದು, ಆದರೆ ಓನರ್ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಬೇಸಿಗೆಯಲ್ಲಿ ಊರು ಖಾಲಿ, ಆಗ ಅರ್ಧ ಬಾಡಿಗೆಗೂ ಜನ ಸಿಗುವುದು ಕಷ್ಟ.

ಡೆಪಾಸಿಟ್ ವಿಷಯಕ್ಕೆ ಮಿಷಿಗನ್ ಕಾನೂನು ಬಾಡಿಗೆದಾರರ ಕಡೆ ಚೆನ್ನಾಗಿಯೇ ಇದೆ. ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟವರಿಗೆ ಇದು ಕೇಳಿದರೆ ನಗು ಬರುತ್ತದೆ. ಆದರೆ ಆ ಕಾನೂನಿನ ಲಾಭ ಸಿಗುವುದು ತಾರೀಖು ತಪ್ಪದವರಿಗೆ. ಮನೆಗೆ ಹೊಕ್ಕಾಗ ಓನರ್ ಒಂದು ಚೆಕ್‌ಲಿಸ್ಟ್ ಕೊಡಬೇಕು, ನೀವು ಅದನ್ನು ಏಳು ದಿನದೊಳಗೆ ತುಂಬಿಸಿ ವಾಪಸ್ ಕೊಡಬೇಕು. ಗೋಡೆ, ನೆಲ, ಒಲೆ, ಕಿಟಕಿ, ಯಾವುದು ಹೇಗಿದೆ ಅಂತ.

ಮೊದಲ ಮನೆಯಲ್ಲಿ ನಾವು ಅದನ್ನು ಫ್ರಿಜ್ ಮೇಲೆ ಇಟ್ಟು ಮರೆತೆವು. ಒಂದು ವರ್ಷ ಆದ ಮೇಲೆ ಕಾರ್ಪೆಟ್ ಕಲೆಗೆ 280 ಡಾಲರ್ ಕಡಿತ. ಸೋಫಾ ಅಡಿಯಲ್ಲಿ ಅಂಗೈ ಅಗಲದ ಹಳದಿ ಕಲೆ. ಅರಿಶಿನ, ಅದರಲ್ಲಿ ಡೌಟೇ ಇಲ್ಲ. ಆದರೆ ನಮ್ಮ ಅರಿಶಿನ ಅಲ್ಲ, ಮೊದಲು ಇದ್ದವರೂ ನಮ್ಮ ದೇಶದವರೇ! ಅದನ್ನು ಹೋಗಿ ಹೇಗೆ ಸಾಬೀತು ಮಾಡುವುದು ಮಾರಾಯ್ರೆ? ಎರಡನೇ ಮನೆಯಲ್ಲಿ ಎರಡು ಪುಟ ಬರೆದೆ. ಬಲಗಡೆಯ ಹಿಂದಿನ ಬರ್ನರ್ ಹೊತ್ತುವುದಿಲ್ಲ, ಬಚ್ಚಲಿನ ಕಿಟಕಿಯ ಚಿಲಕ ಸಡಿಲ, ಬಾಗಿಲ ಹಿಂದೆ ನಾಲ್ಕು ಮೊಳೆ ತೂತು. ಫೋಟೋ ತೆಗೆದು ಅದೇ ದಿನ ಮೇಲ್ ಹಾಕಿದೆ. ಬಿಡುವಾಗ ಪೂರ್ತಿ ದುಡ್ಡು ಬಂತು.

ಬಿಡುವಾಗಲೂ ಒಂದು ಗಡುವು ಉಂಟು. ಹೊಸ ವಿಳಾಸವನ್ನು ನಾಲ್ಕು ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ಓನರ್‌ಗೆ 30 ದಿನ ಸಮಯ, ಅಷ್ಟರೊಳಗೆ ದುಡ್ಡು ಕೊಡಬೇಕು ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದೆವು ಅಂತ ಪಟ್ಟಿ ಕಳಿಸಬೇಕು. ಪಟ್ಟಿ ಒಪ್ಪಿಗೆ ಇಲ್ಲದಿದ್ದರೆ ನೀವು ಏಳು ದಿನದಲ್ಲಿ ಉತ್ತರ ಬರೆಯಬೇಕು. ಓದು ಮುಗಿಸಿ ಊರಿಗೆ ಬರುವವರು ದಯವಿಟ್ಟು ಉಡುಪಿ ವಿಳಾಸ ಕೊಡಬೇಡಿ, ಅಲ್ಲಿಯ ಗೆಳೆಯರದ್ದು ಕೊಡಿ. ಡಾಲರ್ ಚೆಕ್ ಹಿಡಿದುಕೊಂಡು ಇಲ್ಲಿಯ ಬ್ಯಾಂಕಿಗೆ ಅಲೆಯುವುದು ಬೇಡ.

ಚಳಿಗಾಲದ ಬಗ್ಗೆ ಹೆದರಿಸುವುದಿಲ್ಲ, ಜಾಕೆಟ್ ಅಲ್ಲೇ ತೆಗೆದುಕೊಳ್ಳಿ. ಆದರೆ ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಸೇರಿಲ್ಲದಿದ್ದರೆ ಹಳೆ ಮರದ ಮನೆಯ ಗ್ಯಾಸ್ ಬಿಲ್ಲು ನೋಡಿ ಎದೆ ಹಾರುತ್ತದೆ. ಹಾಗಂತ ಆಫ್ ಮಾಡಬೇಡಿ. ನಾನು ಮಾಡಿದ್ದೆ. ಕ್ರಿಸ್‌ಮಸ್ ರಜೆಗೆ ನಾಲ್ಕು ದಿನ ಷಿಕಾಗೋ, ದುಡ್ಡು ಉಳಿಸುವ ಬುದ್ಧಿವಂತಿಕೆ. ಮೂರನೇ ದಿನ ಕೆಳಗಿನ ಮನೆಯವರ ಫೋನ್: ಸೀಲಿಂಗ್‌ನಿಂದ ನೀರು ಸೋರುತ್ತಿದೆ. ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಪೈಪೇ ಒಡೆದಿತ್ತು. ಬಾಡಿಗೆದಾರರ ಇನ್ಶೂರೆನ್ಸ್ ಮಾಡಿಸಿದ್ದಕ್ಕೆ ಬಚಾವಾದೆ. ಮನೆ ಬಿಟ್ಟು ಹೋಗುವಾಗ 55 ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ.

ಅಮ್ಮಂದಿರ ಪ್ರಶ್ನೆಗಳು ಈಗ. ಮಿಕ್ಸಿ ಕಳಿಸಬೇಡಿ, ಅಲ್ಲಿ ಕರೆಂಟು 120 ವೋಲ್ಟ್, ನಮ್ಮದು ಓಡುವುದಿಲ್ಲ. ಹತ್ತಿರದ ಕ್ಯಾಂಟನ್ ಊರಿನ ಕಡೆಯ ಇಂಡಿಯನ್ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ನಮ್ಮ ಕುಚ್ಚಲಕ್ಕಿ ಸಿಗದಿದ್ದರೆ ಕೇರಳದ ಮಟ್ಟ ಅಕ್ಕಿಯಲ್ಲಿ ಗಂಜಿ ಮಾಡಬಹುದು, ಒಂದು ತಿಂಗಳಲ್ಲಿ ನಾಲಿಗೆ ಒಪ್ಪುತ್ತದೆ. ಇಡ್ಲಿ ಹಿಟ್ಟು ಚಳಿಗೆ ಹುಳಿ ಬರುವುದಿಲ್ಲ, ಓವನ್ ಒಳಗೆ ಲೈಟ್ ಮಾತ್ರ ಹಾಕಿ ರಾತ್ರಿ ಇಟ್ಟರೆ ಬರುತ್ತದೆ. ಬಂಗುಡೆ ಹುರಿಯುವವರು ಕಿಟಕಿ ತೆರೆದು, ಫ್ಯಾನ್ ಹಾಕಿ ಶುರು ಮಾಡಿ, ಇಲ್ಲದಿದ್ದರೆ ಹೊಗೆ ಅಲಾರಂ ಬಿಲ್ಡಿಂಗಿಗೆಲ್ಲ ನಿಮ್ಮ ಮೆನು ಹೇಳುತ್ತದೆ. ಆ ಅಲಾರಂಗೆ ಪ್ಲಾಸ್ಟಿಕ್ ಕಟ್ಟುವ ಉಪಾಯವನ್ನು ಸೀನಿಯರ್‌ಗಳು ಹೇಳಿಕೊಡುತ್ತಾರೆ. ಕೇಳಬೇಡಿ. ಕನ್ನಡ ಕೇಳದೆ ಬೇಜಾರಾದರೆ ಡೆಟ್ರಾಯಿಟ್ ಸುತ್ತಮುತ್ತಲಿನವರ ಪಂಪ ಕನ್ನಡ ಕೂಟ ಇದೆ. ಕಾರು ಇರುವವರನ್ನು ಹಿಡಿದುಕೊಂಡು ಹೋಗಿ.

ಕೊನೆಯದಾಗಿ ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಹಳೆ ಲೀಸ್‌ಗಳು ಆಗಸ್ಟ್ ನಡುವೆ ಮುಗಿದು ಹೊಸವು ತಿಂಗಳ ಕೊನೆಗೆ ಶುರುವಾಗುವುದು ಅಲ್ಲಿ ಸಾಮಾನ್ಯ, ನಡುವೆ ಕೆಲವು ದಿನ ಎಷ್ಟೋ ಮಂದಿಗೆ ಮನೆಯೇ ಇರುವುದಿಲ್ಲ. ನಾನು ಇಳಿದದ್ದು ಅಂಥ ಒಂದು ಶನಿವಾರ ಸಂಜೆ. ಕೀ ಕೊಡುವ ಆಫೀಸು ಐದಕ್ಕೇ ಬಾಗಿಲು ಹಾಕಿತ್ತು, ಮೆಟ್ಟಿಲ ಮೇಲೆ ಎರಡು ಸೂಟ್‌ಕೇಸ್ ಮತ್ತು ನಾನು. ಮೊಬೈಲ್‌ನಲ್ಲಿ ಸಿಮ್ ಇಲ್ಲ, ಉಡುಪಿಯಲ್ಲಿ ಬೆಳಗಿನ ಜಾವ ಮೂರು ಗಂಟೆ. ಕೀ ಯಾವ ತಾರೀಖು, ಎಷ್ಟು ಗಂಟೆಗೆ, ಯಾರ ಕೈಯಿಂದ ಅಂತ ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಆಮೇಲೆ ಟಿಕೆಟ್.