ಪಾಳಣಾಘರ್ ತಪಾಸಣೆಗೆ ಹೋದಾಗ ಶೀಟಲ್ಲಿ ಏನು ಬರೀತೀನಿ - ನನ್ನ ಅನುಭವ

ಪುಣೆಯ ಹಿಂಜವಡಿ, ಖರಾಡಿ ಕಡೆ ಕಂಪನಿಗಳಿಗೆ ಕ್ರೆಶ್, ಅಂದ್ರೆ ಅಪ್ಪ ಅಮ್ಮ ಕೆಲಸದಲ್ಲಿರೋವಾಗ ಮಕ್ಕಳನ್ನ ನೋಡ್ಕೊಳ್ಳೋ ಜಾಗ (ಮರಾಠಿಯಲ್ಲಿ ಪಾಳಣಾಘರ್), ನಡೆಸ್ಕೊಡೋ ಏಜೆನ್ಸಿಯಲ್ಲಿ ನಂದು ತಪಾಸಣೆ ಕೆಲಸ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಕ್ರೆಶ್ ಇರಲೇಬೇಕು, 2018ರಲ್ಲಿ ಕೇಂದ್ರ ಅದಕ್ಕೆ ಮಾರ್ಗಸೂಚಿ ಕೊಡ್ತು, ನಮ್ಮ ತಪಾಸಣೆ ಶೀಟ್ ಅದನ್ನ ನೋಡಿ ಮಾಡಿದ್ದು.

ಮುಂಚೆ ಹೌದು, ಇಲ್ಲ ಅಂತ ಎರಡೇ ಕಾಲಂ ಇತ್ತು. ಖಾಲಿ ಬಿಟ್ಟಿದ್ದೆಲ್ಲ ಆಫೀಸಲ್ಲಿ 'ಸರಿ ಇದೆ' ಲೆಕ್ಕಕ್ಕೆ ಹೋಗ್ತಿತ್ತು! ಅದಕ್ಕೇ ಇನ್ನೆರಡು ಸೇರಿಸಿದೆ, ಅನ್ವಯಿಸಲ್ಲ ಮತ್ತೆ ನೋಡಿಲ್ಲ. ಬಾಟಲಿ ಕುಡಿಯೋ ಕೂಸೇ ಇಲ್ಲದ ಕಡೆ ಬಾಟಲಿ ಕುದಿಸೋ ನಿಯಮ ಅನ್ವಯಿಸಲ್ಲ, ಆದ್ರೆ ನಾನು ಹೋದಾಗ ಮಕ್ಕಳು ಮಲಗಿದ್ದು ಊಟಕ್ಕೆ ಮುಂಚೆ ಕೈ ತೊಳೆಸೋದು ಕಾಣ್ಲಿಲ್ಲ ಅಂದ್ರೆ ಅದು 'ನೋಡಿಲ್ಲ', ಮುಂದಿನ ಸಲ ಊಟದ ಹೊತ್ತಿಗೇ ಹೋಗೋದು.

ಸರಿ ಅಂತ ಬರೆದ್ರೂ ಅದು ಹೇಗೆ ಗೊತ್ತಾಯ್ತು ಅಂತ ಪಕ್ಕದಲ್ಲಿ ಕಣ್ಣು (ನಾನೇ ನೋಡಿದ್ದು), ಕಾಗದ (ದಾಖಲೆ ನೋಡಿದ್ದು), ಮಾತು (ಅವರು ಬರೀ ಹೇಳಿದ್ದು), ಇದ್ರಲ್ಲಿ ಒಂದು ಹಾಕ್ತೀನಿ. ಇನ್‌ಚಾರ್ಜ್ ಹೆಂಗಸು ಯಾವಾಗ್ಲೂ 'ಸಗಳಂ ಠೀಕ್ ಆಹೆ ಮ್ಯಾಡಮ್' (ಎಲ್ಲಾ ಸರಿ ಇದೆ ಮೇಡಂ) ಅಂತಾನೇ ಶುರು ಮಾಡೋದು. ಅಲ್ಲೇ ಇದ್ದ ಕಲಬುರ್ಗಿ ಕಡೆಯ ಆಯಾ ಒಬ್ಬರಿಗೆ ನಾನು, "ಅಕ್ಕಾ, ಪೊಲೀಸ್ ವೆರಿಫಿಕೇಶನ್ ಆಗೇದೇನ್ರಿ?" ಅಂದ್ರೆ "ಆಗೇದ್ರಿ ಮೇಡಂ, ಕಾಗದ ಅಷ್ಟ ಬಂದಿಲ್ರಿ" ಅಂದ್ರು. ಅದು 'ಮಾತು'. ಕಾಗದ ಕೈಗೆ ಬರೋವರೆಗೂ ಪೆಂಡಿಂಗ್.

ಜಾಸ್ತಿ ಹೊತ್ತು ಹೋಗೋದು ತಲೆ ಎಣಿಸೋದ್ರಲ್ಲಿ. 3 ವರ್ಷದ ಒಳಗಿನ 10 ಮಕ್ಕಳಿಗೆ, ಇಲ್ಲಾ 3 ದಾಟಿದ 20 ಮಕ್ಕಳಿಗೆ ತರಬೇತಿ ಆದ ಒಬ್ಬರು, ಜೊತೆಗೆ ಹೆಲ್ಪರ್. ಹಾಜರಿ ಪುಸ್ತಕದಲ್ಲಿ ಇದು ಯಾವತ್ತೂ ಸರಿಯಾಗೇ ಇರುತ್ತೆ, ಮಧ್ಯಾಹ್ನ ಒಬ್ಬರು ಡಬ್ಬಾ ತಿನ್ನೋಕೆ, ಇನ್ನೊಬ್ಬರು ಮಗು ಕರ್ಕೊಂಡು ಬಾತ್ರೂಮಿಗೆ ಹೋದಾಗ ರೂಮಲ್ಲಿ ಯಾರಿದ್ದಾರೆ ಅನ್ನೋದೇ ಪ್ರಶ್ನೆ. ಹಾಗಾಗಿ ಬೇರೆ ಬೇರೆ ಹೊತ್ತಲ್ಲಿ ಎಣಿಸಿ, ಟೈಮ್ ಹಾಕಿ, ಯಾವ ರೂಮು, ಎಷ್ಟು ಮಕ್ಕಳು, ಎಷ್ಟು ದೊಡ್ಡವರು ಅಂತ ಬರೀತೀನಿ. ಸ್ಟಾಫ್ ಕಮ್ಮಿ ಅಂತಷ್ಟೇ ಬರೆದ್ರೆ ಜಗಳ, '1.20ಕ್ಕೆ ಮಲಗೋ ರೂಮಲ್ಲಿ 3ರ ಒಳಗಿನ ಮಕ್ಕಳು 14, ದೊಡ್ಡವರು ಒಬ್ಬರು' ಅಂತ ಬರೆದ್ರೆ ಯಾರೂ ಮಾತಾಡಲ್ಲ.

ಜಾಗ ಟೇಪ್ ಹಿಡಿದೇ ಅಳೀತೀನಿ, ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ, ಕಪಾಟು ಇಟ್ಟಿರೋ ಜಾಗ ನಾನಂತೂ ಕಳೀತೀನಿ. ಬೆಂಕಿ ಆರಿಸೋ ಸಿಲಿಂಡರ್ ಇದ್ರೆ ಸಾಲ್ದು, ಟ್ಯಾಗಿನ ರೀಫಿಲ್ ತಾರೀಖು ಬರ್ಕೊಳ್ಳಿ. ಫೋಟೋದಲ್ಲಿ ಮಕ್ಕಳ ಮುಖ ಬೇಡ.

ಹೊರಡೋ ಮುಂಚೆ ಶೀಟ್ ಇನ್‌ಚಾರ್ಜಿಗೆ ಓದಿ ಹೇಳಿ, ಅವರ ಉತ್ತರ ಅವರ ಕೈಯಲ್ಲೇ ಮರಾಠಿಯಲ್ಲೇ ಬರೆಸಿ, ಸಹಿ ತಗೊಂಡು ಒಂದು ಕಾಪಿ ಅಲ್ಲೇ ಬಿಟ್ಟು ಬರ್ತೀನಿ.